ಕರು ಹಾಕುವ ಕಾಲದ ಹಸು: ಯಕೃತ್ತಿನ ಚಯಾಪಚಯ ಮತ್ತು ಪೂರಕ ಪೋಷಕಗಳು

ಹಸು ಕರು ಹಾಕುವ ಮುಂಚಿನ ಮೂರು ವಾರ ಮತ್ತು ಹಾಕಿದ ನಂತರದ ಮೂರು ವಾರಗಳನ್ನು ಸೇರಿಸಿ ಪಶು ಪೋಷಣಾ ವಿಜ್ಞಾನ ಸಂಧಿಕಾಲ ಎಂದು ಕರೆಯುತ್ತದೆ. ಹಾಲು ಬತ್ತಿಸಿಕೊಂಡು ನಿಂತಿದ್ದ ತುಂಬುಗಬ್ಬದ ಹಸು ಈ ಆರು ವಾರಗಳೊಳಗೆ ದಿನಕ್ಕೆ 20 ಲೀಟರ್, ಒಳ್ಳೆಯ ತಳಿಯಾದರೆ 30-40 ಲೀಟರ್ ಹಾಲು ಕರೆಯುವ ಹಸುವಾಗುತ್ತದೆ. ಹಾಲುಜ್ವರ, ರಕ್ತದಲ್ಲಿ ಕೀಟೋನ್ ಏರುವ ಕೀಟೋಸಿಸ್, ಕಸ ಬೀಳದಿರುವುದು, ಗರ್ಭಕೋಶದ ಸೋಂಕು, ನಾಲ್ಕನೇ ಹೊಟ್ಟೆ ಜಾಗ ತಪ್ಪುವುದು, ಕೆಚ್ಚಲು ಬಾವು, ಹೀಗೆ ಒಂದು ಸೂಲಿನಲ್ಲಿ ಹಸುವನ್ನು ಕಾಡುವ ಕಾಯಿಲೆಗಳಲ್ಲಿ ಬಹುಪಾಲು ತಲೆ ಎತ್ತುವುದು ಇದೇ ಅವಧಿಯಲ್ಲಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜೇಮ್ಸ್ ಡ್ರ್ಯಾಕ್ಲಿ 1999ರಲ್ಲಿ ಪ್ರಕಟಿಸಿದ ಸಮೀಕ್ಷೆ ಈ ವಿಷಯಕ್ಕೆ ದೊಡ್ಡ ಗಮನ ತಂದುಕೊಟ್ಟಿತು. ಅಲ್ಲಿಂದೀಚಿನ ಸಂಶೋಧನೆಯ ಬಹುಭಾಗ ಒಂದೇ ಅಂಗದ ಸುತ್ತ ನಡೆದಿದೆ. ಅದು ಯಕೃತ್ತು. ಕೋಲೀನ್, ಮೆಥಿಯೋನೀನ್, ನಯಾಸಿನ್, ಪ್ರೊಪಿಲೀನ್ ಗ್ಲೈಕಾಲ್ ಮುಂತಾಗಿ ಮಾರುಕಟ್ಟೆಗೆ ಬಂದಿರುವ ಪೂರಕಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಅಂಗಕ್ಕೆ ನೆರವಾಗುತ್ತೇವೆಂದು ಹೇಳಿಕೊಳ್ಳುತ್ತವೆ. ಯಾವುದು ಯಕೃತ್ತಿನ ಯಾವ ಕೆಲಸಕ್ಕೆ ಒದಗುತ್ತದೆ ಎಂದು ಬಿಡಿಸಿ ನೋಡದೆ ಅವುಗಳ ಬೆಲೆ ಕಟ್ಟಲಾಗದು.

ಶಕ್ತಿಯ ಲೆಕ್ಕ

500 ಕಿಲೋ ತೂಕದ ಮಿಶ್ರತಳಿ ಹಸುವೊಂದನ್ನು ತೆಗೆದುಕೊಳ್ಳೋಣ. ಸುಮ್ಮನೆ ನಿಂತು ಉಸಿರಾಡುತ್ತಿರಲು ಅದಕ್ಕೆ ದಿನಕ್ಕೆ ಸುಮಾರು 8.5 ಮೆಗಾಕ್ಯಾಲರಿ ನಿವ್ವಳ ಶಕ್ತಿ ಬೇಕು. ಶೇ. 4 ಜಿಡ್ಡಿರುವ 20 ಲೀಟರ್ ಹಾಲಿಗೆ ಇನ್ನೂ 15. ಕಿಲೋ ಒಣ ಪದಾರ್ಥಕ್ಕೆ 1.5 ಮೆಗಾಕ್ಯಾಲರಿ ಕೊಡುವ ಉತ್ತಮ ಮೇವನ್ನೇ ಹಾಕಿದರೂ ಹಸು ಹದಿನೈದೂವರೆ ಕಿಲೋ ತಿನ್ನಬೇಕು. ಕರು ಹಾಕಿದ ಮೊದಲ ವಾರ ಅದು ತಿನ್ನುವುದು ಹತ್ತು ಹನ್ನೊಂದು ಕಿಲೋ ಮಾತ್ರ. ದಿನಕ್ಕೆ ಏಳೆಂಟು ಮೆಗಾಕ್ಯಾಲರಿ ಖೋತಾ ಬೀಳುತ್ತದೆ. ಈ ಕೊರತೆ ಕರು ಹಾಕಿದ ದಿನ ದಿಢೀರನೆ ಶುರುವಾಗುವುದೂ ಇಲ್ಲ. ಗಬ್ಬದ ಕೊನೆಯ ಮೂರು ವಾರಗಳಲ್ಲಿ ಹಸು ತಿನ್ನುವ ಮೇವು ಸುಮಾರು ಶೇ. 30ರಷ್ಟು ಇಳಿಯುತ್ತದೆ, ಅದರಲ್ಲೂ ಕೊನೆಯ ವಾರದಲ್ಲಿ ಇಳಿತ ಕಡಿದಾಗುತ್ತದೆ.

ಗ್ಲುಕೋಸಿನ ಲೆಕ್ಕ ಇದಕ್ಕಿಂತ ಬಿಗಿ. ಹಾಲಿನ ಲ್ಯಾಕ್ಟೋಸು ತಯಾರಾಗುವುದು ಗ್ಲುಕೋಸಿನಿಂದ, ಒಂದು ಲೀಟರಿಗೆ ಸುಮಾರು 72 ಗ್ರಾಂ ಬೇಕು. 20 ಲೀಟರಿಗೆ ಹೆಚ್ಚುಕಡಿಮೆ 1.4 ಕಿಲೋ. ಮನುಷ್ಯನಿಗಾದರೆ ಅನ್ನದ ಪಿಷ್ಟ ಕರುಳಿನಲ್ಲಿ ಗ್ಲುಕೋಸಾಗಿ ನೇರ ರಕ್ತಕ್ಕೆ ಸೇರುತ್ತದೆ. ಮೆಲುಕು ಹಾಕುವ ಪ್ರಾಣಿಗೆ ಆ ಅನುಕೂಲ ಇಲ್ಲ. ತಿಂದ ಪಿಷ್ಟ, ಸಕ್ಕರೆಗಳ ಬಹುಪಾಲನ್ನು ಮೊದಲ ಹೊಟ್ಟೆಯಾದ ರೂಮೆನ್‌ನ ಸೂಕ್ಷ್ಮಜೀವಿಗಳು ಹುದುಗಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳಾಗಿ ಮಾರ್ಪಡಿಸಿಬಿಡುತ್ತವೆ. ಇವುಗಳಲ್ಲಿ ಪ್ರೊಪಿಯಾನಿಕ್ ಆಮ್ಲವೊಂದೇ ಗ್ಲುಕೋಸಾಗಬಲ್ಲದು, ಹಾಗೆ ಮಾಡುವ ಕೆಲಸ ಯಕೃತ್ತಿನದು. ಹೊಟ್ಟೆಗೆ ಬಿದ್ದ ಮೇವು ಕಡಿಮೆಯಾದರೆ ಈ ಕಚ್ಚಾವಸ್ತುವೂ ಕಡಿಮೆ. ಆಗ ಯಕೃತ್ತು ಲ್ಯಾಕ್ಟಿಕ್ ಆಮ್ಲ, ಗ್ಲಿಸರಾಲ್, ಮಾಂಸಖಂಡ ಕರಗಿ ಬಂದ ಅಮೈನೋ ಆಮ್ಲಗಳತ್ತ ಕೈಚಾಚುತ್ತದೆ. ಪೈರುವೇಟ್ ಕಾರ್ಬಾಕ್ಸಿಲೇಸ್ ಎಂಬ ಕಿಣ್ವದ ಜೀನಿನ ಚಟುವಟಿಕೆ ಕರು ಹಾಕುವ ಹೊತ್ತಿಗೆ ಹಲವು ಪಟ್ಟು ಏರುವುದು ಇದಕ್ಕೇ.

ಕೊರತೆ ಇದ್ದರೂ ಹಸು ಹಾಲು ಕಡಿಮೆ ಮಾಡುವುದಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಡೇಲ್ ಬೌಮನ್ ಮತ್ತು ಬ್ರೂಸ್ ಕರಿ 1980ರಲ್ಲಿ ಮಂಡಿಸಿದಂತೆ, ಬಾಣಂತಿ ಹಸುವಿನ ಇಡೀ ದೇಹ ಕೆಚ್ಚಲಿನ ಅಗತ್ಯಕ್ಕೆ ತಕ್ಕಂತೆ ತನ್ನ ಆದ್ಯತೆಗಳನ್ನು ಬದಲಿಸಿಕೊಳ್ಳುತ್ತದೆ. ಇನ್ಸುಲಿನ್ ಇಳಿಯುತ್ತದೆ, ಬೆಳವಣಿಗೆಯ ಹಾರ್ಮೋನು ಏರುತ್ತದೆ, ಸ್ನಾಯು ಮತ್ತು ಕೊಬ್ಬಿನ ಅಂಗಾಂಶಗಳು ಇನ್ಸುಲಿನ್ನಿನ ಮಾತು ಕೇಳುವುದನ್ನು ಬಿಡುತ್ತವೆ. ಉಳಿದ ಗ್ಲುಕೋಸೆಲ್ಲ ಕೆಚ್ಚಲಿಗೆ ಹೋಗುತ್ತದೆ. ಕೆಚ್ಚಲಿಗೆ ಗ್ಲುಕೋಸನ್ನು ಎಳೆದುಕೊಳ್ಳಲು ಇನ್ಸುಲಿನ್ ಬೇಕಾಗಿಲ್ಲ. ಚರ್ಮದಡಿಯ, ಹೊಟ್ಟೆಯೊಳಗಿನ ಕೊಬ್ಬು ಒಡೆದು ಬಿಡಿ ಕೊಬ್ಬಿನಾಮ್ಲಗಳಾಗಿ ರಕ್ತಕ್ಕೆ ಇಳಿಯುತ್ತದೆ.

ಯಕೃತ್ತಿನೊಳಗೆ

ರಕ್ತದಲ್ಲಿ ಬಂದ ಕೊಬ್ಬಿನಾಮ್ಲವನ್ನು ಬೇಡ ಎನ್ನುವ ಶಕ್ತಿ ಯಕೃತ್ತಿಗಿಲ್ಲ. ಎಷ್ಟು ಬಂತೋ ಅದಕ್ಕೆ ತಕ್ಕ ಪಾಲನ್ನು ಅದು ಹೀರಿಕೊಳ್ಳಲೇಬೇಕು. ಮೇಲಾಗಿ ಕರು ಹಾಕಿದ ಮೇಲೆ ಯಕೃತ್ತಿನ ಮೂಲಕ ಹರಿಯುವ ರಕ್ತದ ಪ್ರಮಾಣ ಮುಂಚಿನದಕ್ಕಿಂತ ಹತ್ತಿರಹತ್ತಿರ ಎರಡು ಪಟ್ಟಾಗುತ್ತದೆ. ಒಳಗೆ ಬಂದ ಕೊಬ್ಬಿನಾಮ್ಲಕ್ಕೆ ನಾಲ್ಕು ದಾರಿಗಳು: ಮೈಟೊಕಾಂಡ್ರಿಯದೊಳಗೆ ಪೂರ್ತಿ ಉರಿದು ಶಕ್ತಿಯಾಗುವುದು, ಅರ್ಧಂಬರ್ಧ ಉರಿದು ಕೀಟೋನ್ ಆಗುವುದು, ಟ್ರೈಗ್ಲಿಸರೈಡ್ ಆಗಿ ಮತ್ತೆ ಕಟ್ಟಿಕೊಂಡು ಅತಿ ಕಡಿಮೆ ಸಾಂದ್ರತೆಯ ಲಿಪೊಪ್ರೋಟೀನ್ ಕಣಗಳಲ್ಲಿ ಹೊರಗೆ ರವಾನೆಯಾಗುವುದು, ಅಥವಾ ಅಲ್ಲೇ ಕುಳಿತುಬಿಡುವುದು.

ಹಸುವಿನ ದೌರ್ಬಲ್ಯ ಇರುವುದು ಮೂರನೆಯ ದಾರಿಯಲ್ಲಿ. ಟ್ರೈಗ್ಲಿಸರೈಡ್ ಕಟ್ಟುವ ವೇಗದಲ್ಲಿ ಅದರ ಯಕೃತ್ತು ಇಲಿ, ಹಂದಿಗಳಿಗೇನೂ ಕಡಿಮೆಯಿಲ್ಲ, ಕಟ್ಟಿದ್ದನ್ನು ಸಾಗಹಾಕುವುದರಲ್ಲಿ ಮಾತ್ರ ತೀರಾ ನಿಧಾನ. ಹೀಗಾಗಿ ಒಳಹರಿವು ಹೆಚ್ಚಾದ ಕೆಲವೇ ದಿನಗಳಲ್ಲಿ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ. ಹಸಿ ತೂಕದಲ್ಲಿ ಟ್ರೈಗ್ಲಿಸರೈಡ್ ಶೇ. 5ರವರೆಗೆ ಇದ್ದರೆ ಸಾಧಾರಣ, 5ರಿಂದ 10 ಮಧ್ಯಮ, 10 ದಾಟಿದರೆ ತೀವ್ರ ಎಂದು ವಿಂಗಡಿಸುವುದು ರೂಢಿ. ಅಧಿಕ ಇಳುವರಿಯ ಹಸುಗಳಲ್ಲಿ ಅಷ್ಟಿಷ್ಟು ಕೊಬ್ಬು ತುಂಬುವುದು ಬಹುತೇಕ ಸಹಜವೇ. ಹಾಲು ಬತ್ತಿಸಿದ ಕಾಲದಲ್ಲಿ ಮೈಬಂದು ಕೊಬ್ಬಿದ ಹಸುಗಳಲ್ಲಿ ಅದು ಮಿತಿಮೀರುತ್ತದೆ. ಇಂಥ ಹಸುಗಳ ಸಾಲು ಸಾಲು ಕಾಯಿಲೆಗಳನ್ನು 1976ರಲ್ಲಿ ಡೇವಿಡ್ ಮಾರೊ ಕೊಬ್ಬಿದ ಹಸುವಿನ ರೋಗಲಕ್ಷಣಕೂಟ ಎಂದು ಗುರುತಿಸಿದ್ದರು.

ಕೀಟೋನುಗಳ ಹುಟ್ಟಿನ ಬಗ್ಗೆ ಹಳೆಯ ವಿವರಣೆಯೊಂದಿದೆ. ಸಿಟ್ರಿಕ್ ಆಮ್ಲ ಚಕ್ರವನ್ನು ಕಂಡುಹಿಡಿದ ಹ್ಯಾನ್ಸ್ ಕ್ರೆಬ್ಸ್ 1966ರಲ್ಲಿ ಹಸುವಿನ ಕೀಟೋಸಿಸ್ ಬಗ್ಗೆಯೂ ಬರೆದರು. ಆ ಚಕ್ರ ತಿರುಗಲು ಬೇಕಾದ ಆಕ್ಸಲೊಅಸಿಟೇಟ್ ಗ್ಲುಕೋಸ್ ತಯಾರಿಕೆಗೆ ಸೆಳೆದುಹೋದಾಗ ಕೊಬ್ಬಿನಾಮ್ಲದಿಂದ ಬಂದ ಅಸಿಟೈಲ್ ಗುಂಪುಗಳಿಗೆ ಜೊತೆ ಸಿಗದೆ ಅವು ಕೀಟೋನುಗಳಾಗುತ್ತವೆ ಎಂಬುದು ಅದರ ತಿರುಳು. ಇಂದಿನ ವಿವರಣೆಗಳು ಕೊಬ್ಬಿನಾಮ್ಲವನ್ನು ಮೈಟೊಕಾಂಡ್ರಿಯಕ್ಕೆ ದಾಟಿಸುವ ಕಿಣ್ವಕ್ಕೂ ಹಾರ್ಮೋನುಗಳಿಗೂ ಹೆಚ್ಚು ಒತ್ತು ಕೊಡುತ್ತವೆ, ಆದರೂ ಗ್ಲುಕೋಸಿನ ಎಳೆತವೇ ಕೀಟೋಸಿಸ್ಸಿನ ಮೂಲ ಎಂಬ ಕ್ರೆಬ್ಸ್ ಅವರ ಎಣಿಕೆ ಈಗಲೂ ನಿಲ್ಲುತ್ತದೆ.

ಪತ್ತೆ

ಕೊಟ್ಟಿಗೆಯಲ್ಲಿ ಕೀಟೋಸಿಸ್ಸಿನ ಮೊದಲ ಸುಳಿವು ಗೋದಲಿಯಲ್ಲೇ ಸಿಗುತ್ತದೆ. ಹಸು ಹಿಂಡಿ-ಬೂಸಾ ಮೂಸಿ ಬಿಡುತ್ತದೆ, ಒಣಹುಲ್ಲನ್ನು ಮಾತ್ರ ಜಗಿಯುತ್ತಿರುತ್ತದೆ. ಸಗಣಿ ಗಟ್ಟಿಯಾಗುತ್ತದೆ, ಹಾಲು ಇಳಿಯುತ್ತದೆ, ನೋಡನೋಡುತ್ತ ಬೆನ್ನೆಲುಬು ಎದ್ದು ಕಾಣುತ್ತದೆ. ಉಸಿರಿನಲ್ಲಿ ಅಸಿಟೋನಿನ ಸಿಹಿ ವಾಸನೆ ಬರುತ್ತದೆ ಎನ್ನುತ್ತಾರೆ, ಆದರೆ ಎಲ್ಲರ ಮೂಗಿಗೂ ಅದು ಸಿಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಪಶುವೈದ್ಯರು ನೆಚ್ಚುವುದು ರೊಥೆರಾ ಪರೀಕ್ಷೆಯನ್ನು. ಅಮೋನಿಯಂ ಸಲ್ಫೇಟ್ ಮತ್ತು ಸೋಡಿಯಂ ನೈಟ್ರೊಪ್ರಸೈಡ್ ಪುಡಿಯ ಮೇಲೆ ಗಂಜಲ ಹಾಕಿ ಕಲಕಿ, ಕೊಳವೆಯ ಅಂಚಿನಿಂದ ಅಮೋನಿಯಾ ದ್ರಾವಣವನ್ನು ನಿಧಾನವಾಗಿ ಇಳಿಬಿಟ್ಟರೆ, ಎರಡು ದ್ರವಗಳು ಕೂಡುವಲ್ಲಿ ನೇರಳೆ ಉಂಗುರ ಮೂಡುತ್ತದೆ. ರಕ್ತದಲ್ಲಾದರೆ ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್ ಲೀಟರಿಗೆ 1.2 ಮಿಲಿಮೋಲ್ ಮುಟ್ಟಿದರೆ ಒಳಗುಟ್ಟಿನ ಕೀಟೋಸಿಸ್, 3ರ ಆಸುಪಾಸಿಗೆ ಬಂದರೆ ಸಾಮಾನ್ಯವಾಗಿ ಹೊರಗೆ ಕಾಣುವ ಕಾಯಿಲೆ. ಮಧುಮೇಹಿಗಳು ಬಳಸುವಂಥ ಕೈಮೀಟರಿನಿಂದ ಕೊಟ್ಟಿಗೆಯಲ್ಲೇ ಅಳೆಯಬಹುದು.

ಯಕೃತ್ತಿನ ಕೊಬ್ಬನ್ನು ಖಚಿತವಾಗಿ ತಿಳಿಯಲು ತುಣುಕು ತೆಗೆಯದೆ ದಾರಿಯಿಲ್ಲ. ಬಲಪಕ್ಕೆಯಲ್ಲಿ ಹತ್ತು-ಹನ್ನೊಂದನೆಯ ಪಕ್ಕೆಲುಬಿನ ಸಂದಿಯ ಬಳಿ ಚರ್ಮ ಮರಗಟ್ಟಿಸಿ ದಪ್ಪ ಸೂಜಿಯಿಂದ ಎಳೆಯುತ್ತಾರೆ. 1983ರಲ್ಲಿ ಅಮೆರಿಕದ ಥಾಮಸ್ ಹರ್ಟ್ ಮತ್ತು ಸಂಗಡಿಗರು ಅದರಲ್ಲೂ ಒಂದು ಸುಲಭ ಉಪಾಯ ತೋರಿಸಿದರು. ತುಣುಕನ್ನು ಬೇರೆಬೇರೆ ಸಾಂದ್ರತೆಯ ಮೈಲುತುತ್ತದ ದ್ರಾವಣಗಳಲ್ಲೂ ಬರಿಯ ನೀರಿನಲ್ಲೂ ಹಾಕಿ ತೇಲುತ್ತದೋ ಮುಳುಗುತ್ತದೋ ನೋಡುವುದು. ಆರೋಗ್ಯವಂತ ಯಕೃತ್ತು ಮುಳುಗುತ್ತದೆ. ಬರಿಯ ನೀರಿನಲ್ಲೇ ತೇಲಿದರೆ ಹಸುವಿನ ಸ್ಥಿತಿ ಚಿಂತಾಜನಕ.

ಪೂರಕಗಳು

ಕೋಲೀನಿನ ಕತೆ ಹಸುವಿನಿಂದ ಶುರುವಾದದ್ದಲ್ಲ. ಇನ್ಸುಲಿನ್ ಶೋಧದಲ್ಲಿ ಪಾಲುಗೊಂಡ ಚಾರ್ಲ್ಸ್ ಬೆಸ್ಟ್ ಮತ್ತು ಜೊತೆಗಾರರು 1930ರ ದಶಕದ ಆರಂಭದಲ್ಲಿ ಟೊರಾಂಟೊದಲ್ಲಿ, ಮೇದೋಜೀರಕ ಗ್ರಂಥಿ ತೆಗೆದ ನಾಯಿಗಳ ಯಕೃತ್ತಿನಲ್ಲಿ ಕೊಬ್ಬು ತುಂಬುವುದನ್ನು ಲೆಸಿಥಿನ್ ತಡೆಯುವುದನ್ನೂ, ಅದರೊಳಗಿನ ಕೋಲೀನೇ ಆ ಕೆಲಸ ಮಾಡುವುದನ್ನೂ ಗುರುತಿಸಿದರು. ಲಿಪೊಪ್ರೋಟೀನ್ ಕಣದ ಹೊರಪದರ ಫಾಸ್ಫಟಿಡಿಲ್ ಕೋಲೀನಿನದು. ಅದಿಲ್ಲದೆ ಕಣ ಕಟ್ಟದು, ಕಣ ಕಟ್ಟದೆ ಕೊಬ್ಬು ಯಕೃತ್ತಿನಿಂದ ಹೊರಬಾರದು. ಹಸುವಿನ ದುರ್ಬಲ ದಾರಿಯೂ ಇದೇ ಆದ್ದರಿಂದ ಕೋಲೀನ್ ಕೊಡುವುದು ತರ್ಕಕ್ಕೆ ಸರಿಯಾಗಿ ಹೊಂದುತ್ತದೆ. ತೊಡಕು ರೂಮೆನ್‌ನದು. ಅಲ್ಲಿನ ಸೂಕ್ಷ್ಮಜೀವಿಗಳು ಕೋಲೀನನ್ನು ಟ್ರೈಮೀಥೈಲ್ ಅಮೀನಾಗಿ, ಕೊನೆಗೆ ಮೀಥೇನಾಗಿ ಒಡೆದುಹಾಕುತ್ತವೆ, ಮೇವಿನ ಕೋಲೀನು ಕರುಳಿಗೆ ದಾಟುವುದು ಅತ್ಯಲ್ಪ. ಗಟ್ಟಿ ಕೊಬ್ಬಿನ ಲೇಪ ಕೊಟ್ಟ ಕೋಲೀನ್ ಕ್ಲೋರೈಡ್ ಹರಳುಗಳು ಬಂದಮೇಲೆಯೇ ಈ ಕ್ಷೇತ್ರ ಚಿಗುರಿದ್ದು. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ 12ರಿಂದ 15 ಗ್ರಾಂ ಕೋಲೀನ್ ಸಿಗುವಂತೆ, ಕರು ಹಾಕುವ ಮೂರು ವಾರ ಮುಂಚಿನಿಂದ ಕೊಡುತ್ತಾರೆ.

ಫಲಿತಾಂಶ ತರ್ಕದಷ್ಟು ನಯವಾಗಿಲ್ಲ. ವಿಸ್ಕಾನ್ಸಿನ್ನಿನಲ್ಲಿ ರಿಕ್ ಗ್ರಮ್ಮರ್ ತಂಡ 2007ರಲ್ಲಿ ಗಬ್ಬದ ಹಸುಗಳ ಮೇವು ಕಡಿತಗೊಳಿಸಿ ಬೇಕೆಂದೇ ಯಕೃತ್ತಿನಲ್ಲಿ ಕೊಬ್ಬು ತುಂಬಿಸಿದಾಗ, ಲೇಪಿತ ಕೋಲೀನ್ ಪಡೆದ ಹಸುಗಳಲ್ಲಿ ತುಂಬಿದ ಕೊಬ್ಬು ಕಡಿಮೆಯಿತ್ತು. ನೆದರ್‌ಲ್ಯಾಂಡ್ಸ್‌ನಲ್ಲೂ ಅಂಥ ಇಳಿಕೆ ಕಂಡಿತು. ಬೇರೆ ಹಲವು ಪ್ರಯೋಗಗಳಲ್ಲಿ ಯಕೃತ್ತಿನ ಕೊಬ್ಬು ಅಲುಗಲಿಲ್ಲ. ಹಾಲು ಮಾತ್ರ ಹೆಚ್ಚು ಸ್ಥಿರವಾಗಿ ಏರಿತು. 2020ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದವರು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿದಾಗ ದಿನಕ್ಕೆ ಒಂದೂವರೆ ಕಿಲೋಗಿಂತ ತುಸು ಹೆಚ್ಚು ಹಾಲಿನ ಏರಿಕೆ ಸಿಕ್ಕಿತು. ಯಕೃತ್ತಿನ ಔಷಧಿಯೆಂದು ಹೊರಟದ್ದು ಹಾಲಿನ ಪೂರಕವಾಗಿ ಗೆದ್ದಿದೆ ಎಂದರೆ ತಪ್ಪಾಗದು. ಹಾಲಿನ ಏರಿಕೆ ಯಾವ ದಾರಿಯಿಂದ ಬಂತು ಎಂಬುದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಅದೇ ಫ್ಲಾರಿಡಾದಲ್ಲಿ, ಗಬ್ಬದಲ್ಲಿದ್ದಾಗ ಕೋಲೀನ್ ಪಡೆದ ತಾಯಂದಿರ ಹೆಣ್ಣುಕರುಗಳು ಚೆನ್ನಾಗಿ ಬೆಳೆದ ವರದಿಯೂ ಇದೆ. ಈ ಪ್ರಯೋಗಗಳಿಗೂ ಮುಂಚೆ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2001ರ ತನ್ನ ಪೋಷಕಾಂಶ ಕೈಪಿಡಿಯಲ್ಲಿ ಹಸುವಿಗೆ ಇಷ್ಟೇ ಕೋಲೀನ್ ಬೇಕೆಂದು ನಿಗದಿ ಮಾಡಲಿಲ್ಲ.

ಮೆಥಿಯೋನೀನ್ ಕೋಲೀನಿನ ನೆಂಟ. ಯಕೃತ್ತು ಮೆಥಿಯೋನೀನಿನ ಮೀಥೈಲ್ ಗುಂಪುಗಳನ್ನು ಬಳಸಿ ಫಾಸ್ಫಟಿಡಿಲ್ ಕೋಲೀನನ್ನು ತಾನೇ ತಯಾರಿಸಬಲ್ಲದು. ಹಾಗೆಯೇ ಲಿಪೊಪ್ರೋಟೀನ್ ಕಣದ ಪ್ರೋಟೀನಿಗೂ, ಉತ್ಕರ್ಷಣ ತಡೆಯುವ ಗ್ಲುಟಥಯೋನಿಗೂ ಅದು ಬೇಕು. ಹಾಲಿನ ಪ್ರೋಟೀನಿಗೆ ಲೈಸೀನ್-ಮೆಥಿಯೋನೀನ್ ಅನುಪಾತ ಸುಮಾರು 3:1 ಇರಬೇಕೆಂಬುದು 2001ರ ಕೈಪಿಡಿಯ ಸೂತ್ರ. ಇಲಿನಾಯಿನಲ್ಲಿ ಹುವಾನ್ ಲೂರ್ ತಂಡದ ಪ್ರಯೋಗಗಳಲ್ಲಿ ರೂಮೆನ್‌ನಿಂದ ಪಾರಾಗುವ ಮೆಥಿಯೋನೀನ್ ಪಡೆದ ಹಸುಗಳು ಹೆಚ್ಚು ತಿಂದವು, ಹೆಚ್ಚು ಕರೆದವು, ಉರಿಯೂತದ ಸೂಚಕಗಳೂ ಅವುಗಳಲ್ಲಿ ಕಡಿಮೆಯಿದ್ದವು. ಸೋಯಾ, ಕಡಲೆಕಾಯಿ ಹಿಂಡಿ ಎರಡರಲ್ಲೂ ಮೆಥಿಯೋನೀನ್ ಕಡಿಮೆ ಎಂಬುದನ್ನು ಇಲ್ಲಿ ನೆನೆಯಬೇಕು.

ಗ್ಲುಕೋಸಿನ ಕಚ್ಚಾವಸ್ತುವಾಗಿ ಹೆಚ್ಚು ನಂಬಿಕೆಗೆ ಪಾತ್ರವಾದದ್ದು ಪ್ರೊಪಿಲೀನ್ ಗ್ಲೈಕಾಲ್. ಗ್ಲಿಸರಾಲ್ ಜೊತೆಗೆ ಇದನ್ನು ಕೀಟೋಸಿಸ್ಸಿಗೆ ಕೊಟ್ಟ ವರದಿ 1954ರಷ್ಟು ಹಳೆಯದು. ಒಂದು ಭಾಗ ರೂಮೆನ್‌ನಲ್ಲಿ ಪ್ರೊಪಿಯಾನಿಕ್ ಆಮ್ಲವಾಗುತ್ತದೆ, ಉಳಿದದ್ದು ನೇರವಾಗಿ ಯಕೃತ್ತಿಗೆ ಹೋಗಿ ಲ್ಯಾಕ್ಟೇಟಿನ ಮೂಲಕ ಗ್ಲುಕೋಸಾಗುತ್ತದೆ. ಇನ್ಸುಲಿನ್ನನ್ನೂ ಏರಿಸುವುದರಿಂದ ಕೊಬ್ಬಿನ ಕರಗುವಿಕೆಗೆ ಕಡಿವಾಣ ಬೀಳುತ್ತದೆ. ರೂಢಿಯ ಪ್ರಮಾಣ ದಿನಕ್ಕೊಮ್ಮೆ 300 ಮಿ.ಲೀ., ಕೆಲವು ದಿನ. ಉದಾರವಾಗಿ ಲೆಕ್ಕ ಹಾಕಿದರೂ ಇದರಿಂದ ಹುಟ್ಟುವ ಗ್ಲುಕೋಸ್ 370 ಗ್ರಾಂ ಮೀರದು, ನಾವು ಮೇಲೆ ಕಂಡ 1.4 ಕಿಲೋದ ಕಾಲುಭಾಗ. ಆದರೂ ಗುಣ ಕಾಣಿಸುವುದು ಕೊಬ್ಬಿನ ಒಳಹರಿವನ್ನೇ ತಗ್ಗಿಸುವುದರಿಂದ. ಬಾಯಿಗೆ ಸುರಿಯುವಾಗ ಹಸುವಿನ ತಲೆಯನ್ನು ಮೇಲಕ್ಕೆ ಎತ್ತಿ ಹಿಡಿಯುವ ಅಭ್ಯಾಸ ಅಪಾಯಕಾರಿ, ದ್ರವ ಶ್ವಾಸನಾಳಕ್ಕಿಳಿದರೆ ಕೀಟೋಸಿಸ್ಸಿಗಿಂತ ಬೇಗ ಹಸುವನ್ನು ಕೊಲ್ಲುತ್ತದೆ. ಪ್ರಮಾಣ ಮೀರಿದರೆ ಹಸು ಅಮಲೇರಿದಂತೆ ತೂರಾಡುತ್ತದೆ.

ಪ್ರೊಪಿಯಾನಿಕ್ ಆಮ್ಲ ಗ್ಲುಕೋಸಾಗುವ ಹಾದಿಯಲ್ಲಿ ಬಯೋಟಿನ್ ಮತ್ತು ಬಿ12 ಎರಡೂ ಬೇಕು. ಬಿ12ಗೆ ಕೋಬಾಲ್ಟ್ ಬೇಕು, ರೂಮೆನ್‌ನ ಸೂಕ್ಷ್ಮಜೀವಿಗಳು ಅದನ್ನು ಬಳಸಿ ಬಿ12 ಕಟ್ಟುತ್ತವೆ. ನಯಾಸಿನ್ ಬೇರೆ ಬಗೆಯದು. ಅದು ಕೊಬ್ಬಿನ ಅಂಗಾಂಶದ ಮೇಲೆಯೇ ಕೆಲಸ ಮಾಡಿ ಕೊಬ್ಬು ಕರಗುವುದನ್ನು ತಡೆಯುತ್ತದೆ. ನಾಲ್ಕನೇ ಹೊಟ್ಟೆಗೆ ನೇರ ಹರಿಸಿದಾಗ ರಕ್ತದ ಕೊಬ್ಬಿನಾಮ್ಲ ಥಟ್ಟನೆ ಇಳಿಯುತ್ತದೆ, ಹರಿಸುವುದು ನಿಂತೊಡನೆ ಮುಂಚಿನದಕ್ಕಿಂತ ಮೇಲಕ್ಕೆ ಚಿಮ್ಮುತ್ತದೆ. ಬಾಯಿಗೆ ಕೊಟ್ಟರೆ ರೂಮೆನ್ ಬಹುಪಾಲನ್ನು ನುಂಗಿಬಿಡುತ್ತದೆ. ದಿನಕ್ಕೆ 6-12 ಗ್ರಾಂ ಕೊಡುವ ಹಳೆಯ ವಾಡಿಕೆಗೆ ಆಧಾರ ತೆಳು. ಕೊಬ್ಬಿನಾಮ್ಲವನ್ನು ಮೈಟೊಕಾಂಡ್ರಿಯಕ್ಕೆ ದಾಟಿಸುವ ಕಾರ್ನಿಟೀನ್ ಯಕೃತ್ತಿನ ಕೊಬ್ಬನ್ನು ಇಳಿಸಿತಾದರೂ ಹೆಚ್ಚು ಪ್ರಮಾಣದಲ್ಲಿ ಮೇವು ತಿನ್ನುವುದನ್ನೂ ಇಳಿಸಿತು. ಮೊನೆನ್ಸಿನ್ ಪೋಷಕವಲ್ಲ, ರೂಮೆನ್‌ನ ಜೀವಿಗಳನ್ನು ಪ್ರೊಪಿಯಾನಿಕ್ ಆಮ್ಲದ ಕಡೆಗೆ ತಿರುಗಿಸುವ ಔಷಧಿ. ಕುದುರೆಗೆ ಅದು ವಿಷ.

ವಿಟಮಿನ್ ಇ ಮತ್ತು ಸೆಲೆನಿಯಂ ಯಕೃತ್ತಿಗಿಂತ ರೋಗನಿರೋಧಕ ಕಣಗಳಿಗೆ ಸಂಬಂಧಪಟ್ಟವು. ಹಾಲು ಬತ್ತಿಸಿದ ಹಸುವಿಗೆ ದಿನಕ್ಕೆ 1,000 ಐ.ಯು. ವಿಟಮಿನ್ ಇ ಒಪ್ಪಿತ ಪ್ರಮಾಣ. ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಎಂದುಕೊಂಡವರಿಗೆ 2010ರಲ್ಲಿ ಡಚ್ಚರ ಪ್ರಯೋಗವೊಂದು ಎಚ್ಚರಿಕೆ ಕೊಟ್ಟಿತು. ಅಲ್ಲಿ ಹೆಚ್ಚು ವಿಟಮಿನ್ ಪಡೆದ ಹಸುಗಳಿಗೆ ಕೆಚ್ಚಲು ಬಾವು ಹೆಚ್ಚಾಗಿ ಬಂತು.

ಈ ಎಲ್ಲದರ ನಡುವೆ ಮರೆಯಬಾರದ ಮಾತೊಂದಿದೆ. ಡ್ರ್ಯಾಕ್ಲಿ ತಂಡವೇ ತೋರಿಸಿದಂತೆ, ಹಾಲು ಬತ್ತಿಸಿದ ಮೊದಲ ವಾರಗಳಲ್ಲಿ ಅತಿಯಾಗಿ ತಿನ್ನಿಸಿದ್ದರ ದುಷ್ಫಲ ಕರು ಹಾಕಿದ ಮೇಲೆ ಯಕೃತ್ತಿನಲ್ಲಿ ಕಾಣಿಸುತ್ತದೆ. ಐದು ಅಂಕಗಳ ಮೈಕಟ್ಟಿನ ಅಳತೆಯಲ್ಲಿ 3ರಿಂದ 3.25ರಷ್ಟಿರುವ ಹಸುವಿಗೆ ಹುಲ್ಲು ಹೆಚ್ಚಿರುವ, ಶಕ್ತಿ ಹದವಾಗಿರುವ ಮೇವು ಕೊಟ್ಟು, ಕರು ಹಾಕಿದ ಮೇಲೆ ಗೋದಲಿ ಬರಿದಾಗದಂತೆ ನೋಡಿಕೊಂಡರೆ ಸಿಗುವ ಲಾಭವನ್ನು ಯಾವ ಪೊಟ್ಟಣವೂ ಕೊಡಲಾರದು. ಮಾರಾಟಗಾರರ ಕರಪತ್ರಗಳಲ್ಲಿ ಈ ಸಾಲು ಇರುವುದಿಲ್ಲ.

ವಿವಾದ

2021ರಲ್ಲಿ ಅಯೋವಾ ರಾಜ್ಯ ವಿಶ್ವವಿದ್ಯಾಲಯದ ಲ್ಯಾನ್ಸ್ ಬೌಮ್‌ಗಾರ್ಡ್ ಮತ್ತು ಸಂಗಡಿಗರು ಇಡೀ ಚೌಕಟ್ಟನ್ನೇ ಪ್ರಶ್ನಿಸಿದರು. ರಕ್ತದಲ್ಲಿ ಕೊಬ್ಬಿನಾಮ್ಲ, ಕೀಟೋನ್ ಏರುವುದು ಕಾಯಿಲೆಗೆ ಕಾರಣವಲ್ಲ. ಚೆನ್ನಾಗಿ ಕರೆಯುವ ಆರೋಗ್ಯವಂತ ಹಸುವಿನಲ್ಲೂ ಅವು ಏರುತ್ತವೆ. ಕಾಯಿಲೆಯ ಹಸುವಿನಲ್ಲಿ ಗರ್ಭಕೋಶದಿಂದಲೋ ಕರುಳಿನಿಂದಲೋ ಹುಟ್ಟಿದ ಉರಿಯೂತ ಹಸಿವನ್ನು ಕೊಂದು, ಗ್ಲುಕೋಸನ್ನು ರೋಗನಿರೋಧಕ ಕಣಗಳತ್ತ ಸೆಳೆದು, ಕೀಟೋನನ್ನು ಪರಿಣಾಮವಾಗಿ ಏರಿಸುತ್ತದೆ ಎಂಬುದು ಅವರ ವಾದ. ಇನ್ನೊಂದು ಪಕ್ಷದ ಕೈಯಲ್ಲಿ, ಕೀಟೋನ್ ಏರಿದ ಹಸುಗಳಲ್ಲಿ ನಾಲ್ಕನೇ ಹೊಟ್ಟೆ ಜಾಗ ತಪ್ಪುವುದು ಹೆಚ್ಚೆಂದು ತೋರಿಸುವ ಕ್ಷೇತ್ರ ಅಧ್ಯಯನಗಳಿವೆ. ಒಟ್ಟೊಟ್ಟಿಗೆ ಕಾಣುವಷ್ಟರಿಂದಲೇ ಒಂದು ಇನ್ನೊಂದಕ್ಕೆ ಕಾರಣವಾಗದು ಎಂಬ ಆಕ್ಷೇಪಕ್ಕೆ ಅವು ಪೂರ್ತಿ ಉತ್ತರವಲ್ಲ. 1.2ರ ಗೆರೆ ದಾಟಿ ಲವಲವಿಕೆಯಿಂದ ಮೆಲುಕು ಹಾಕುತ್ತಿರುವ ಹಸುವಿಗೆ ಔಷಧಿ ಕೊಡಬೇಕೇ ಎಂಬ ದಿನನಿತ್ಯದ ಪ್ರಶ್ನೆ ಈ ವಿವಾದಕ್ಕೆ ಅಂಟಿಕೊಂಡಿದೆ.

ಕರ್ನಾಟಕದ ಕೊಟ್ಟಿಗೆಯಲ್ಲಿ

ಮೇಲಿನ ಪ್ರಯೋಗಗಳಲ್ಲಿ ಬಹುಪಾಲು ದೊಡ್ಡ ಹಿಂಡುಗಳ, ಮಿಶ್ರ ಮೇವು ತಿನ್ನುವ ಹೋಲ್‌ಸ್ಟೀನ್ ಹಸುಗಳ ಮೇಲೆ ನಡೆದವು. ಕೋಲಾರ, ಮಂಡ್ಯ, ಹಾಸನಗಳಲ್ಲಿ ಎರಡು ಮೂರು ಮಿಶ್ರತಳಿ ಹಸು ಕಟ್ಟಿದ ಮನೆಯ ತೊಂದರೆ ಹಲವು ಸಲ ಇದಕ್ಕೆ ತಿರುವುಮುರುವು. ಹಾಲಿಲ್ಲದ ಹಸುವಿಗೆ ಹಿಂಡಿ ಯಾಕೆ ಎಂದು ತುಂಬುಗಬ್ಬದಲ್ಲಿ ಬರಿಯ ರಾಗಿಹುಲ್ಲಿಗೆ ಬಿಡುತ್ತಾರೆ, ಕರು ಹಾಕಿದ ಮರುದಿನದಿಂದ ಹಿಂಡಿ-ಬೂಸಾ ಒಮ್ಮೆಲೇ ಸುರಿಯುತ್ತಾರೆ. ರೂಮೆನ್‌ನ ಜೀವಿಗಳು ಹೊಸ ಮೇವಿಗೆ ಒಗ್ಗಲು ಎರಡು ಮೂರು ವಾರ ಬೇಕು. ಗಬ್ಬದ ಕೊನೆಯಲ್ಲೇ ದಿನಕ್ಕೆ ಅರ್ಧ ಕಿಲೋದಿಂದ ಶುರುಮಾಡಿ ನಿಧಾನವಾಗಿ ಏರಿಸುವುದು ಕೋಲೀನಿಗಿಂತ ಮೊದಲು ಬರಬೇಕಾದ ಕೆಲಸ. ಖನಿಜ ಮಿಶ್ರಣದ ಮಟ್ಟಿಗೆ ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಆಯಾ ಪ್ರದೇಶದ ಮಣ್ಣು-ಮೇವಿನ ಕೊರತೆಗೆ ತಕ್ಕ ಮಿಶ್ರಣಗಳನ್ನು ರೂಪಿಸಿದೆ.

ಕರು ಹಾಕಿದ ಹಸುವಿಗೆ ಬೆಲ್ಲ ತಿನ್ನಿಸುವುದು ಹಳೆಯ ಪದ್ಧತಿ. ಹಸು ಆಸೆಯಿಂದ ತಿನ್ನುತ್ತದೆ, ಜೊತೆಗೆ ಕಲಸಿದ ಬೂಸಾವೂ ಹೊಟ್ಟೆಗೆ ಹೋಗುತ್ತದೆ, ಅಷ್ಟು ಲಾಭ ನಿಜ. ಬೆಲ್ಲದಿಂದ ಗ್ಲುಕೋಸ್ ಸಿಗುತ್ತದೆ ಎಂಬ ನಂಬಿಕೆ ಮಾತ್ರ ಸರಿಯಲ್ಲ. ಸಕ್ಕರೆ ರೂಮೆನ್‌ನಲ್ಲಿ ಕ್ಷಣಾರ್ಧದಲ್ಲಿ ಹುದುಗಿ ಬ್ಯುಟಿರಿಕ್ ಆಮ್ಲದ ಪಾಲನ್ನು ಹೆಚ್ಚಿಸುತ್ತದೆ, ರೂಮೆನ್‌ನ ಗೋಡೆ ಅದನ್ನು ನೇರ ಕೀಟೋನಾಗಿ ಮಾಡಿ ರಕ್ತಕ್ಕೆ ಬಿಡುತ್ತದೆ. ಕೀಟೋಸಿಸ್ ಆದ ಹಸುವಿಗೆ ಬೆಲ್ಲ ಹೆಚ್ಚಿಸುವುದು ತದ್ವಿರುದ್ಧ ಚಿಕಿತ್ಸೆ. ಈಚೆಗೆ ಊರೂರಲ್ಲಿ ಸಿಗುವ, ರೂಮೆನ್‌ನಲ್ಲಿ ಒಡೆಯದೆ ದಾಟುವ ಬೈಪಾಸ್ ಕೊಬ್ಬೂ ಗ್ಲುಕೋಸಾಗಲಾರದು. ಅದು ಕರುಳಿನಿಂದ ದುಗ್ಧರಸದ ಮೂಲಕ ಹೋಗಿ ಕೆಚ್ಚಲಿಗೆ ಜಿಡ್ಡು ಒದಗಿಸುತ್ತದೆ, ಯಕೃತ್ತಿನ ಹೊರೆ ಇಳಿಸುವ ಪದಾರ್ಥವೆಂದು ಅದನ್ನು ಕೊಳ್ಳಬಾರದು. ಲೇಪಿತ ಕೋಲೀನ್, ಮೆಥಿಯೋನೀನ್ ಕೊಳ್ಳುವವರು ಗಮನಿಸಬೇಕಾದ ವಿಷಯ ಇನ್ನೊಂದು. ಹುರುಳಿ, ಹತ್ತಿಬೀಜ ಬೇಯಿಸಿ ಬಿಸಿಬಿಸಿಯಾಗಿ ಬೂಸಾಕ್ಕೆ ಕಲಸುವ ಮನೆಗಳಲ್ಲಿ ಪುಡಿಯನ್ನೂ ಅದರೊಳಗೇ ಹಾಕಿದರೆ ಹರಳಿನ ಕೊಬ್ಬಿನ ಲೇಪ ಕರಗಿಹೋಗಿ, ದುಡ್ಡು ಕೊಟ್ಟು ತಂದ ಪೂರಕವೆಲ್ಲ ರೂಮೆನ್‌ನ ಜೀವಿಗಳ ಪಾಲಾಗುತ್ತದೆ. ಗ್ರೈಂಡರಿಗೆ ಹಾಕಿದರೂ ಅಷ್ಟೇ. ಮೇವು ಆರಿದ ಮೇಲೆ ಕೊನೆಗೆ ಮೇಲಿನಿಂದ ಉದುರಿಸಿ ಕೈಯಾಡಿಸಿ ಕೊಡಬೇಕು.